ಸೊಸೆಯ ಮೂಗಿನ ಔಷಧಿ

ಕೋಟ್ಟಯಂನ ಆಸ್ಪತ್ರೆಯೊಂದರ ಔಷಧಿ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಸಾಲಿನಲ್ಲಿದ್ದ ಏಲಿಯಮ್ಮ ಟೀಚರಿಗೆ, ತಮ್ಮ ಮುಂದೆ ನಿಂತಿದ್ದ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಮೈಗ್ರೇನ್ ಸ್ಪ್ರೇ ಒಂದೇ ಉಳಿದಿತ್ತು ಅಮ್ಮಚ್ಚಿ. ಬೆಳಿಗ್ಗೆ ಹುಡುಕಿದ್ರೆ ಅದೂ ಇಲ್ಲ.”

“ನಾನೇ ತಗೊಂಡೆ ಜಿನ್ಸಿ. ತಲೆ ಸಿಡೀತಿತ್ತು. ನಿಂಗೆ ಅದರಿಂದ ಬೇಗ ಇಳಿಯತ್ತಲ್ಲ ಅಂತ.”

“ಅಯ್ಯೋ, ಅದು ನಂಗೆ ಅಂತ ಬರ್ಕೊಟ್ಟಿದ್ದು!”

“ಮೂಗಿಗೆ ಒಂದು ಸಲ ಒತ್ತಿದ್ದು ತಾನೇ? ನುಂಗಿಲ್ವಲ್ಲ.”

“ಮೂಗಿಂದ ರಕ್ತಕ್ಕೇ ಹೋಗಿ ರಕ್ತನಾಳ ಬಿಗಿ ಮಾಡತ್ತೆ. ನಿಮ್ಮ ಹಾಗೆ ಹೃದಯಕ್ಕೆ ಸ್ಟೆಂಟ್ ಹಾಕಿಸ್ಕೊಂಡೋರು ಅದನ್ನ ಮುಟ್ಟಲೇಬಾರದು. ನಂಗೆ ಬರೆಯೋ ಮುಂಚೆ ಡಾಕ್ಟರು ಕೇಳಿದ್ದೇ ಹಾರ್ಟ್ ವಿಷಯ. ಎಷ್ಟು ಹೊತ್ತಿಗೆ ತಗೊಂಡ್ರಿ?”

“ತಿಂಡಿಗೆ ಪುಟ್ಟು ತಿಂದಾದ ಮೇಲೆ. ಒಂಬತ್ತಿರಬೇಕು.”

ಜಿನ್ಸಿ ಗೋಡೆಯ ಗಡಿಯಾರ ನೋಡಿದಳು. ಹತ್ತಾಗಿತ್ತು.

“ಈಗ ಹೇಗಿದೆ?”

“ತಲೆನೋವು ಹೋಯ್ತು.”

“ತಲೆ ಬಿಡಿ. ಎದೆ?”

ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಯಾರೋ ಅದುಮಿದ ಹಾಗಿದೆ. ಬೈತೀಯ ಅಂತ ಹೇಳ್ಲಿಲ್ಲ.”

ಜಿನ್ಸಿ ಬೈಯಲಿಲ್ಲ. ಹಿಂದಿದ್ದ ಏಲಿಯಮ್ಮನತ್ತ ತಿರುಗಿ, “ಚೇಚೀ, ಇವರನ್ನ ಒಂದು ನಿಮಿಷ ಹಿಡ್ಕೊಳ್ಳಿ, ನಡೆಯೋಕೆ ಬಿಡಬೇಡಿ” ಎಂದವಳೇ ಗಾಲಿಕುರ್ಚಿ ತರಲು ಓಡಿದಳು.

ಏಲಿಯಮ್ಮನ ಕೈಯೊಳಗೆ ಮುದುಕಿಯ ಕೈ ತಣ್ಣಗೆ ಬೆವರಿತ್ತು.

“ದಿನಾ ಸಣ್ಣದಕ್ಕೂ ಬೈತಾಳೆ” ಎಂದಳು ಮುದುಕಿ. “ಇವತ್ತು ಬೈಲಿಲ್ಲ ನೋಡಿ. ಇದು ದೊಡ್ಡದೇ ಇರಬೇಕು.”

ಅಷ್ಟರಲ್ಲಿ ಕುರ್ಚಿ ಬಂತು. ಜಿನ್ಸಿ, ಅಡ್ಡ ಬಂದವರನ್ನೆಲ್ಲ ಕೂಗಿ ಸರಿಸುತ್ತ, ಅತ್ತೆಯನ್ನು ತುರ್ತು ಚಿಕಿತ್ಸೆಯ ಬಾಗಿಲೊಳಗೆ ತಳ್ಳಿಕೊಂಡು ಹೋದಳು.