ಅಟ್ಟಣಿಗೆ ಮೇಲೆ ಉಳಿದ ಕ್ಯಾರಿಯರು

ಅದೇ ಕಣ್ ಮಗ, ಕ್ರಿಸ್‌ಮಸ್ ಮುಗುದ್ರೂ ಪಕ್ಕದ್ಮನೆ ನಕ್ಷತ್ರದ ದೀಪ ಯಾಕಿನ್ನೂ ಉರೀತದೆ ಅಂತ ನೀನೀಗ ಕೇಳ್ದಂಗೇ ನಾನೂ ಹೋದ ವರ್ಷ ಕೇಳಿದ್ದೆ. ನಿಮ್ಮಜ್ಜಿ ತೀರ್ಕಂಡ ವರ್ಷ ಅದು. ನೀವು ಮಂಡ್ಯದಲ್ಲಿದ್ರಿ. ಧನುರ್ಮಾಸ, ಮಂಜು ಅಂದ್ರೆ ಮಂಜು, ಮಳವಳ್ಳಿ ಬಸ್ಸಿನ ಹಾರನ್ನು ಕೇಳೋದೇ ಹೊರ್ತು ಬಸ್ಸು ಕಾಣ್ತಿರ್ಲಿಲ್ಲ. ಸಾವಾದ ಮನೆಯೋರು ನಮ್ಮಲ್ಲಿ ವರ್ಷ ತುಂಬೋಗಂಟ ಹಬ್ಬ ಮಾಡಂಗಿಲ್ಲ, ಗುಡಿಯೊಳಕ್ಕೂ ಹೋಗಂಗಿಲ್ಲ. ನಾನು ಈಶ್ವರನ ಗುಡಿ ಬಾಗಿಲಾಚೆನೇ ನಿಂತು ಕೈಮುಗ್ದು ಬತ್ತಿದ್ದೆ. ಬರ್ವಾಗ ಆ ದೀಪ ಒಂದೇ ಕೆಂಪಗೆ ಕಾಣೋದು.

ಆದ್ರೆ ನನ್ನ ಮನಸ್ಸು ಕೊರೀತಿದ್ದದ್ದು ದೀಪ ಅಲ್ಲ. ಫಿಲೋಮಿನಮ್ಮನ ಯಜಮಾನ ಶಿವನಸಮುದ್ರದ ಕರೆಂಟು ಕೆಲಸದಿಂದ ರಿಟೈರಾಗಿ ಪಕ್ಕದಲ್ಲಿ ಮನೆ ಕಟ್ಟಿದ್ನಲ್ಲ, ಅವತ್ತಿಂದ ಪ್ರತಿ ಕ್ರಿಸ್‌ಮಸ್ಸಿಗೂ ಗೋಡೆ ಮೇಲಿಂದ ಕೇಕು, ಹೂವಿನ ಅಚ್ಚಲ್ಲಿ ಕರಿದ ಅಚ್ಚಪ್ಪ ಬರೋದು, ಯುಗಾದಿಗೆ ನಮ್ಮ ಒಬ್ಬಟ್ಟು ಹೋಗೋದು. ಆ ವರ್ಷ ಬರ್ಲಿಲ್ಲ. ಹಬ್ಬದ ದಿನ ಇಲ್ಲ, ಮಾರನೇ ದಿನಾನೂ ಇಲ್ಲ. ತಿಂಡಿ ಆಸೆಗಲ್ಲ ಕಣ್ಲಾ, ನಗಬ್ಯಾಡ... ಸರಿ, ಒಂಚೂರು ಆಸೆನೂ ಇತ್ತು ಅನ್ನು. ಆದ್ರೆ ನಿಮ್ಮಜ್ಜಿ ಬೆಳೆಸಿದ ನಂಟು ನಿಮ್ಮಜ್ಜಿ ಜೊತೇಲೇ ಹೊಂಟೋಯ್ತಾ ಅಂತ ಯೋಚನೆ. ನಮಗೇನೂ ಹಬ್ಬ ಇರ್ಲಿಲ್ಲ, ಅವಳ ಮನೆ ನಗು ಕೇಳಿದ್ರೆ ಒಂದ್ಕಡೆ ಹಿತ, ಇನ್ನೊಂದ್ಕಡೆ ಸಂಕಟ.

ಒಂದಿನ ತಡೀಲಾರದೆ ಅವಳ ಗೇಟ್ ಹತ್ರ ನಿಂತೆ. ಗುಡಿಸ್ತಿದ್ದಳು. ನೇರ ಹೆಂಗ್ ಕೇಳೋದು? “ಅಲ್ಲ ಕಣಮ್ಮ, ಹಬ್ಬ ಮುಗೀತಲ್ಲ, ದೀಪ ಯಾಕ್ ಇಳಿಸಿಲ್ಲ?” ಅಂದೆ.

“ಮೂರು ರಾಯರು ಬರೋಗಂಟ ಇಳಿಸಂಗಿಲ್ಲ ಕಣಣ್ಣ. ದೇವರ ಕೂಸು ಹುಟ್ಟೈತೆ ಅಂತ ನಕ್ಷತ್ರ ನೋಡ್ಕಂಡು ದೂರದಿಂದ ಹೊಂಟ ರಾಜರು. ತಡವಾಗಿ ಬಂದೋರ್ಗೂ ದಾರಿ ಕಾಣ್ಬೇಕಲ್ಲ.”

ಆಮೇಲೆ ಪೊರಕೆ ಹಿಡ್ಕಂಡೇ, “ಅಕ್ಕ ಹೋದಾಗ ನಿಮ್ಮನೇಲಿ ಒಲೆ ಹಚ್ಚಲಿಲ್ಲ ಅಂತ ಅನ್ನ ಸಾರು ತಂದಿದ್ನಲ್ಲ, ಆ ಕ್ಯಾರಿಯರು ವಾಪಸ್ ಬರ್ಲೇ ಇಲ್ಲ. ಇನ್ನು ಕಳಿಸ್ಬ್ಯಾಡ ಅಂತ ಅರ್ಥ ಅನ್ಕಂಡೆ. ನಿಮ್ಮ ಪಾಲಿನ ಕೇಕು ಡಬ್ಬೀಲೇ ಐತೆ. ನಮ್ ಹುಡುಗ್ರನ್ನ ಮುಟ್ಟಕ್ ಬುಟ್ಟಿಲ್ಲ,” ಅಂದ್ಳು.

ಮನೆಗೆ ಬಂದು ನನ್ನ ಸೊಸೆ, ನಿಮ್ಮತ್ತೆ ಸವಿತಾನ ಕೇಳ್ದೆ. ಅಟ್ಟಣಿಗೆ ಮೇಲೆ ಫಳಫಳ ಅಂತ ಕೂತಿತ್ತು ಕ್ಯಾರಿಯರು!

“ಏನ್ ಮಾಡ್ಲಿ ಮಾವ? ಬರೀ ಪಾತ್ರೆ ಕೊಡಂಗಿಲ್ಲ. ಸಿಹಿ ಮಾಡಿ ಕಳಿಸಾಣ ಅಂದ್ರೆ ವರ್ಷ ತುಂಬಿಲ್ಲ. ಮರ್ಯಾದೆಗೆ ಅಂತಾನೇ ಇಟ್ಕಂಡಿದ್ದೆ.”

ನೋಡು, ಇವಳು ಮರ್ಯಾದೆ ಕಾದ್ಳು, ಅವಳು ಮರ್ಯಾದೆ ಕಾದ್ಳು, ನಡುವೆ ಗೋಡೆ ನಿಂತ್ಕಂತು. ನಿಮ್ಮಜ್ಜಿ ಇದ್ದಿದ್ರೆ ಏನ್ ಮಾಡೋಳು ಅಂತ ಯೋಚಿಸ್ದೆ. ಸೀದಾ ಹಿತ್ತಲಿಗೆ ಹೋದೆ. ಸೊಗಡು ಅವರೆ ಜೋತಾಡ್ತಿತ್ತು. ಸಿಹಿ ಅಲ್ಲ, ಹಬ್ಬದ್ದಲ್ಲ, ಒಲೆ ಮೇಲೆ ಇಟ್ಟದ್ದೂ ಅಲ್ಲ. ಬಿಡಿಸಿ ಬಿಡಿಸಿ ಕ್ಯಾರಿಯರು ತುಂಬಿಸಿ ಗೋಡೆ ಮೇಲಿಟ್ಟು, ನಿಮ್ಮಜ್ಜಿ ಕೂಗೋ ಹಂಗೇ ಕೂಗ್ದೆ, “ಫಿಲೋಮಿನಾ, ತಗಳೇ!”

ಅವಳು ಓಡ್ ಬಂದ್ಳು. ಮುಚ್ಚಳ ತೆಗ್ದು ಮೂಸಿ ನೋಡಿದ್ಳು. ನಗ್ತಾನೂ ಇದ್ಳು, ಸೆರಗಲ್ಲಿ ಕಣ್ಣೂ ಒರೆಸ್ಕತಿದ್ಳು. “ಇರಣ್ಣ, ಹೋಗ್ಬ್ಯಾಡ,” ಅಂತ ಡಬ್ಬಿ ತರಕ್ಕೆ ಒಳಕ್ಕೆ ಹೋದ್ಳು.

ಅದಕ್ಕೇ ಹೇಳೋದು, ಇನ್ನೊಬ್ರ ಮನೆ ಪಾತ್ರೆ ತೊಳೆದು ಎತ್ತಿಡಬ್ಯಾಡಿ. ಏನ್ ಸಿಕ್ತದೋ ಹಾಕಿ ಕೊಟ್ಟುಬುಡಿ. ಏಳ್ಲಾ ಈಗ, ಈ ಸಲ ಕೇಕು ಬಂದ ಆ ಡಬ್ಬಿ ತಗಂಡು ಹಿತ್ತಲಿಗೆ ನಡಿ.