ಕಣ್ಣಲ್ಲಿ ನೋಡಿ ಕಲಿಯುವುದು

ಕತ್ತು ನೋವಿಗೆಂದು ಫಿಸಿಯೋಥೆರಪಿ ಕೋಣೆಯ ಹೊರಗೆ ಕಾದಿದ್ದ ದರ್ಜಿ ಹೆಂಗಸಿಗೆ ಪಕ್ಕದ ಬೆಂಚಿನ ಮಾತೆಲ್ಲ ಕಿವಿಗೆ ಬೀಳುತ್ತಿತ್ತು. ಅಲ್ಲಿ ಉದ್ದ ಜಿಗಿತದ ಹುಡುಗಿಯೊಬ್ಬಳು ಊದಿದ ಮೊಣಕಾಲು ಚಾಚಿ ಕೂತಿದ್ದಳು. ಜೊತೆಗೆ ಅವಳ ಕೋಚ್.

"ಹೇಗೆ ಇಳೀಬೇಕು ಅಂತ ಬೋರ್ಡ್ ಮೇಲೆ ಗಂಟೆಗಟ್ಟಲೆ ಬರೆದು ಹೇಳಿದ್ನಲ್ಲಮ್ಮ. ತಲೆಗೆ ಹೋಗ್ಲಿಲ್ವಾ?"

"ತಲೆಗೆ ಹೋಯ್ತು ಸರ್, ಕಾಲಿಗೆ ಹೋಗ್ಲಿಲ್ಲ. ನಂಗೆ ಕಣ್ಣಲ್ಲಿ ನೋಡಿ, ನಿಧಾನಕ್ಕೆ ಮಾಡಿದ್ರೇನೇ ಬರೋದು. ತೋರ್ಸಿ ಅಂತ ಎಷ್ಟು ಬೇಡ್ಕೊಂಡೆ!"

"ಒಬ್ಬೊಬ್ರಿಗೂ ಒಂದೊಂದು ಥರ ಹೇಳ್ಕೊಡೋಕೆ ನಾನೇನು ಮನೆ ಪಾಠದ ಮೇಷ್ಟ್ರಾ?"

"ಅರ್ಥ ಆಗ್ಲಿಲ್ಲ ಅಂದಿದ್ದಕ್ಕೆ ದಡ್ಡಿ ಅಂತ ಎಲ್ಲರ ಮುಂದೆ ನಗಾಡಿದ್ರಿ. ಅದಕ್ಕೇ ಬಾಯ್ಮುಚ್ಕೊಂಡು ಹಾರಿದೆ. ಈಗ ವರ್ಷಪೂರ್ತಿ ಹಾರೋ ಹಾಗಿಲ್ಲ."

ಕೋಚ್ ಫೋನ್ ತೆಗೆದು ಅವಳ ಮೊಣಕಾಲಿನ ಕಡೆ ಹಿಡಿದ.

"ಬ್ಯಾಂಡೇಜ್ ಸ್ವಲ್ಪ ಸರಿಸು. ತಪ್ಪಾಗಿ ಇಳಿದ್ರೆ ಏನಾಗುತ್ತೆ ಅಂತ ಉಳಿದವರಿಗೆ ತೋರಿಸ್ತೀನಿ. ಕಣ್ಣಲ್ಲಿ ನೋಡಿದ್ರೆ ಬೇಗ ಕಲೀತಾರೆ."

ಹುಡುಗಿ ಬ್ಯಾಂಡೇಜಿನ ಮೇಲೆ ಕೈ ಅಡ್ಡ ಇಟ್ಟಳು.

"ಇಳಿಯೋದನ್ನ ತೋರ್ಸೋಕೆ ಪುರುಸೊತ್ತಿರ್ಲಿಲ್ಲ. ಇದಕ್ಕಿದೆಯಾ ಸರ್?"

ಒಳಗಿಂದ ಹುಡುಗಿಗೆ ಕರೆ ಬಂತು. ಕೋಚ್ ಅವಳ ತೋಳು ಹಿಡಿಯಲು ಬಂದ.

"ಮುಟ್ಬೇಡಿ."

ಹುಡುಗಿ ಗೋಡೆ ಹಿಡಿದು ಕುಂಟುತ್ತ ಒಳಗೆ ಹೋಗಿ, ಅವನ ಮುಖದ ಮೇಲೇ ಬಾಗಿಲು ಹಾಕಿಕೊಂಡಳು.