ಆರಿದ ಕೆಂಪು ದೀಪ

ಆಸ್ಪತ್ರೆಯಲ್ಲಿ ನರ್ಸಾಗಿರುವ ತಂಗಿ ಬೆಳಗಿನಿಂದ ಅಲ್ಲಿನ ಫೋನಿಗೆ ಸಿಕ್ಕಿರಲಿಲ್ಲ. ನಿನ್ನೆಯ ಮುನಿಸೇ ಇರಬೇಕೆಂದುಕೊಂಡ ಅಕ್ಕ, ಇಬ್ಬರ ಪಾಲಿನ ಜಗಳವನ್ನೂ ಮನಸ್ಸಿನಲ್ಲಿ ತಾನೊಬ್ಬಳೇ ಆಡುತ್ತ ಬಸ್ಸಿನಲ್ಲಿ ಕೂತಿದ್ದಳು. ಮುಂದಿನ ಸೀಟಿನಲ್ಲಿ, ಮಾತನ್ನು ಬೆಳಕಾಗಿ ಸಾಗಿಸುವ ಫೋನ್ ಕೇಬಲ್ ರಿಪೇರಿಯ ಭಾವ, ಭಾಮೈದ.

“ಸಿಗ್ನಲ್ ಇಲ್ಲ ಅಂತಿದ್ದ ಕೆಂಪು ದೀಪ ಆರಿತು ತಾನೇ?”

“ಆರಿತು ಭಾವ. ಆದ್ರೂ ಆಸ್ಪತ್ರೆಯವರು ಫೋನ್ ಸತ್ತಿದೆ ಅಂತಾರೆ.”

“ಅದು ಹೇಗಾಗುತ್ತೋ?”

“ನಂಗೂ ತಲೆಬುಡ ಅರ್ಥ ಆಗ್ತಿಲ್ಲ.”

“ಅಲ್ಲಿನ ಫೋನ್ ಪೆಟ್ಟಿಗೆ ಸರಿಯಿದ್ಯಾ ನೋಡೋಕೆ, ಅದು ಬಿಟ್ಟ ಬೆಳಕು ಅದಕ್ಕೇ ವಾಪಸ್ ಬರೋ ಹಾಗೆ ನಾನು ತುಂಡು ಕೇಬಲ್ ಸಿಕ್ಕಿಸಿದ್ನಲ್ಲ, ತೆಗೆದ್ಯಾ?”

“ನೀವು ತೆಗೀಲಿಲ್ವಾ?”

“ಅಯ್ಯೋ ಪುಣ್ಯಾತ್ಮ! ಹಾಗಾದ್ರೆ ಅದು ಇಷ್ಟೊತ್ತೂ ತನ್ನ ಜೊತೆ ತಾನೇ ಮಾತಾಡ್ಕೊಂಡು ಕೂತಿದೆ!”

ಬಸ್ಸು ನಿಲ್ಲುವ ಮೊದಲೇ ಇಬ್ಬರೂ ಧುಮುಕಿ ಬಂದ ದಾರಿಯಲ್ಲೇ ಓಡಿದರು. ತಂಗಿಯ ಬಾಯಿಗೆ ತಾನೇ ತುರುಕಿದ್ದ ಮಾತುಗಳನ್ನು ಅಕ್ಕ ಒಂದೊಂದಾಗಿ ನುಂಗಿಕೊಂಡಳು.